ಕೊಲಾಬಾದಿಂದ 900 ಅಂಗಡಿಗಳವರೆಗೆ: ಮೆಟ್ರೋ ಶೂಸ್ ಬಗ್ಗೆ ಅಗಲ ಪಾದದವಳ ಅನಿಸಿಕೆ

ಚಪ್ಪಲಿ ಅಂಗಡಿಯ ಯೋಗ್ಯತೆ ನನಗೆ ಗೊತ್ತಾಗುವುದು ಅಲ್ಲಿನ ಸೇಲ್ಸ್‌ಮನ್‌ನಿಂದ. ಒಳಗೆ ಹೋದ ಕೂಡಲೇ ಆತ ನನ್ನ ಮುಖ ನೋಡುತ್ತಾನೋ ಕಾಲು ನೋಡುತ್ತಾನೋ ಅಂತ ಗಮನಿಸುತ್ತೇನೆ. ನಾನು ಮುಂಬೈಯ ಶಾಲೆಯಲ್ಲಿ ವರ್ಷಾನುಗಟ್ಟಲೆ ನಿಂತು ಪಾಠ ಮಾಡಿದವಳು. ಪಾದ ಅಗಲ. ಎಡಗಾಲು ಬಲಗಾಲಿಗಿಂತ ಸ್ವಲ್ಪ ದೊಡ್ಡದು. ಜೊತೆಗೆ ಹಿಮ್ಮಡಿ ನೋವು. ಇಂಥ ಕಾಲಿಗೆ ಚಪ್ಪಲಿ ಹುಡುಕುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು.

ಮೆಟ್ರೋ ಶೂಸ್ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಇದು ನಮ್ಮ ಮುಂಬೈಯ ಕಂಪನಿ. 1955ರಲ್ಲಿ ಇಲ್ಲಿನ ಕೊಲಾಬಾದ ಒಂದು ಅಂಗಡಿಯಿಂದ ಶುರುವಾಗಿದ್ದು, 2025ರ ಮಾರ್ಚ್ ಹೊತ್ತಿಗೆ 205 ಊರುಗಳಲ್ಲಿ 908 ಅಂಗಡಿಗಳಾಗಿ ಬೆಳೆದಿದೆ. ಇಷ್ಟು ದೊಡ್ಡದಾದ ಮೇಲೂ ಮೊದಲಿನ ಗುಣ ಉಳಿದಿದೆಯಾ? ಗಿರಾಕಿಯಾಗಿ ನನಗೆ ಮುಖ್ಯವಾದ ಪ್ರಶ್ನೆ ಇದು.

ಕೊಲಾಬಾ ಕಾಸ್‌ವೇ ನೋಡಿದವರಿಗೆ ಆ ರಸ್ತೆಯ ಗದ್ದಲ ಗೊತ್ತಿರುತ್ತದೆ. ರೀಗಲ್ ಟಾಕೀಸ್ ದಾಟಿ ಮುಂದೆ ಹೋದರೆ ಫುಟ್‌ಪಾತ್ ತುಂಬ ಕಿವಿಯೋಲೆ, ಬ್ಯಾಗು, ದುಪಟ್ಟಾ ಮಾರುವವರು. ಅವರ ಹಿಂದೆ ಗಾಜಿನ ಬಾಗಿಲಿನ ಹಳೇ ಅಂಗಡಿಗಳು. ಚಪ್ಪಲಿಗೆ ಹೆಸರಾದ ರಸ್ತೆ ಅದು. ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯಿಂದ ಬಂದು ಫೋರ್ಟ್‌ನ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂತವರು. ಶಾಲೆಗೆ ಹಾಕಿಕೊಳ್ಳುವ ಶೂ ಬಾಟಾದ್ದು, ಮನೆಗೆ ಹವಾಯಿ ಚಪ್ಪಲಿ. ಮೆಟ್ರೋ ಅಂದರೆ ಮದುವೆಗೆ. ಅದೂ ಮನೆಯಲ್ಲಿ ದೊಡ್ಡ ಮದುವೆ ಇದ್ದರೆ ಮಾತ್ರ. ಅಪ್ಪಯ್ಯನಂಥ ಗಲ್ಲಾದವರು ಕೊಲಾಬಾದ ಆ ಗಾಜಿನ ಬಾಗಿಲು ತಳ್ಳುವ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಆದರೆ ಒಳಗೆ ಕೂತ ಮೇಲೆ ಕಾಲು ಹಿಡಿದು ಚಪ್ಪಲಿ ತೊಡಿಸುವವರು ಯಾರಿಗೂ ಭೇದ ಮಾಡುತ್ತಿರಲಿಲ್ಲ ಅಂತ ಅವರು ಮನೆಯಲ್ಲಿ ಹೇಳುತ್ತಿದ್ದರು. ನನಗೆ ಆ ಮಾತು ಮನಸ್ಸಲ್ಲಿ ಕೂತಿದೆ.

ಈ ಕಂಪನಿಯನ್ನು ಕಟ್ಟಿದವರು ಮಲಿಕ್ ತೇಜಾನಿ. ಅವರ ಮಗ ರಫೀಕ್ ಮಲಿಕ್ ಚಿಕ್ಕ ವಯಸ್ಸಿನಲ್ಲೇ ಅಂಗಡಿಗೆ ಬಂದವರು, ಬೇರೆ ಊರುಗಳಿಗೆ ಅಂಗಡಿ ಹಬ್ಬಿಸಿದವರು. ಅವರ ಮಗಳು ಫರಾ ಮಲಿಕ್ ಭಾಂಜಿ ಅಮೆರಿಕದಲ್ಲಿ ಓದಿ ಬಂದು 2000ದ ಸುಮಾರಿಗೆ ಸೇರಿಕೊಂಡರು, ಮುಂದೆ ಮ್ಯಾನೇಜಿಂಗ್ ಡೈರೆಕ್ಟರ್ ಆದರು. ಯಾವ ಅಂಗಡಿಯಲ್ಲಿ ಯಾವ ಸೈಜು ಖಾಲಿಯಾಯಿತು, ಎಲ್ಲಿಗೆ ಏನು ಕಳಿಸಬೇಕು ಅನ್ನುವ ಲೆಕ್ಕವೆಲ್ಲ ಕಂಪ್ಯೂಟರಿಗೆ ಬಂದಿದ್ದು ಅವರ ಕಾಲದಲ್ಲಿ. ಚಪ್ಪಲಿ ವ್ಯಾಪಾರದ ಜೀವ ಇರುವುದೇ ಇದರಲ್ಲಿ. ಸೀರೆ ಅಂಗಡಿಯಲ್ಲಿ ಒಂದು ಸೀರೆ ಇದ್ದರೆ ಯಾರಿಗೆ ಬೇಕಾದರೂ ಮಾರಬಹುದು. ಚಪ್ಪಲಿಯಲ್ಲಿ ಒಂದು ಡಿಸೈನ್ ಅಂದರೆ ಆರೇಳು ಸೈಜು, ಅದಕ್ಕೆ ಎರಡು ಮೂರು ಬಣ್ಣ. ಬೇಕಾದ ಸೈಜು ಇಲ್ಲದಿದ್ದರೆ ಅಂಗಡಿ ತುಂಬ ಮಾಲು ಇದ್ದೂ ಗಿರಾಕಿ ಬರಿಗೈಲಿ ಹೋಗುತ್ತಾರೆ. ಉಳಿದುಹೋದ ಸೈಜುಗಳನ್ನು ಕೊನೆಗೆ ಅರ್ಧ ಬೆಲೆಗೆ ಮಾರಬೇಕಾಗುತ್ತದೆ. ಮೆಟ್ರೋದಲ್ಲಿ ಇಡೀ ವರ್ಷ 'ಫ್ಲಾಟ್ 50' ಅಂತ ಬೋರ್ಡು ತೂಗುವುದಿಲ್ಲ. ಮಾಲಿನ ಬಹುಪಾಲು ಪೂರ್ತಿ ಬೆಲೆಗೇ ಹೋಗುತ್ತದೆ ಅಂತ ಕಂಪನಿ ಹೇಳಿಕೊಳ್ಳುತ್ತದೆ. ಸೈಜಿನ ಲೆಕ್ಕ ಸರಿ ಇರುವುದರಿಂದಲೇ ಅದು ಸಾಧ್ಯ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮೆಟ್ರೋಗೆ ತನ್ನದೇ ಆದ ಕಾರ್ಖಾನೆ ಇಲ್ಲ. ಬೇರೆ ಬೇರೆ ತಯಾರಕರಿಂದ ಮಾಡಿಸಿ, ತನ್ನ ಹೆಸರು ಹಾಕಿ ಮಾರುತ್ತದೆ. ಮೆಟ್ರೋ, ಮೋಚಿ, ವಾಕ್‌ವೇ ಎಲ್ಲ ಅದೇ ಮನೆಯವು. ಡಾ ವಿಂಚಿ, ಜೆ ಫೊಂಟಿನಿ ಅನ್ನುವ ಹೆಸರುಗಳೂ ಅದರವೇ. ಮಾರಾಟದ ಸುಮಾರು ಮುಕ್ಕಾಲು ಪಾಲು ಇಂಥ ಸ್ವಂತ ಹೆಸರಿನ ಮಾಲಿನಿಂದ. ಉಳಿದದ್ದು ಕ್ರಾಕ್ಸ್, ಸ್ಕೆಚರ್ಸ್, ಫಿಟ್‌ಫ್ಲಾಪ್‌ನಂಥ ಹೊರಗಿನ ಬ್ರಾಂಡುಗಳು. ಕಾರ್ಖಾನೆ ಬೇರೆಯವರದ್ದು, ಆದರೆ ಅಂಗಡಿ ಮಾತ್ರ ಹೆಚ್ಚುಕಡಿಮೆ ಎಲ್ಲ ಸ್ವಂತದ್ದು. ಜಾಗ ಬಾಡಿಗೆಗೆ ತೆಗೆದುಕೊಂಡು ತಾವೇ ನಡೆಸುತ್ತಾರೆ, ಫ್ರಾಂಚೈಸಿಗೆ ಕೊಡುವುದು ತೀರಾ ಕಡಿಮೆ. ಅಂಗಡಿಯವರ ಗಳಿಕೆಗೂ ಅಂಗಡಿಯ ಮಾರಾಟಕ್ಕೂ ನಂಟು ಇಟ್ಟಿದ್ದಾರೆ.

ಕಂಪನಿ ಬೆಳೆದ ಗುಟ್ಟು ಇಲ್ಲೇ ಇದೆ ಅಂತ ನನ್ನ ನಂಬಿಕೆ. ಚಪ್ಪಲಿ ಮಾಡುವುದನ್ನು ಬಿಟ್ಟುಕೊಟ್ಟರು, ಮಾರುವುದನ್ನು ಬಿಟ್ಟುಕೊಡಲಿಲ್ಲ. ಕಮಿಷನ್ ಇದೆ ಅಂದರೆ ಸುಮ್ನೆ ತಲೆಗೆ ಕಟ್ಟುತ್ತಾರೆ ಅಂತ ಭಯ ಪಡುವವರೂ ಇದ್ದಾರೆ. ಆದರೆ ಚಪ್ಪಲಿ ವಿಷಯದಲ್ಲಿ ಆ ಆಟ ಬಹಳ ದಿನ ನಡೆಯುವುದಿಲ್ಲ. ಕಚ್ಚುವ ಚಪ್ಪಲಿ ಕೊಟ್ಟ ಅಂಗಡಿಗೆ ಯಾರೂ ಎರಡನೇ ಸಲ ಕಾಲಿಡುವುದಿಲ್ಲ, ಅಲ್ವಾ? ಊರಿನ ಹಳೇ ಅಂಗಡಿಯ ಸೇಲ್ಸ್‌ಮನ್‌ಗೆ ಇದು ಚೆನ್ನಾಗಿ ಗೊತ್ತು.

ಕೊಲಾಬಾದ ಅಂಗಡಿಯಲ್ಲಿ ಈಚೆಗೆ ನಾನು ಮಗನ ಮದುವೆಗೆ ಅಂತ ಚರ್ಮದ ಸ್ಯಾಂಡಲ್ ತೆಗೆದುಕೊಂಡೆ. ನನಗೆ ಚಪ್ಪಲಿ ತೋರಿಸಿದವರು ವಯಸ್ಸಾದವರು, ತಲೆ ಬೆಳ್ಳಗಾಗಿತ್ತು. ನಾನು ಶೋಕೇಸಿನ ಕಡೆ ಕೈ ತೋರಿಸುವ ಮೊದಲೇ 'ಮೇಡಂ, ಕೂತುಕೊಳ್ಳಿ' ಅಂತ ಹಿಂದಿಯಲ್ಲಿ ಹೇಳಿ, ಸ್ಟೂಲ್ ಎಳೆದುಕೊಂಡು ಎದುರು ಕೂತರು. ಎರಡೂ ಕಾಲು ನೆಲಕ್ಕೆ ಊರಿಸಿ ನೋಡಿದರು. 'ಎಡಗಾಲು ದೊಡ್ಡದು. ಎಡಗಾಲಿಗೆ ಸರಿಯಾದ್ದನ್ನು ತೆಗೆದುಕೊಳ್ಳಿ, ಬಲಗಾಲಿಗೆ ಬೆಲ್ಟ್ ಒಂದು ತೂತು ಬಿಗಿ ಮಾಡೋಣ' ಅಂದರು. ಮದುವೆಯಲ್ಲಿ ಎಷ್ಟು ಹೊತ್ತು ನಿಂತಿರುತ್ತೀರಿ ಅಂತ ಕೇಳಿದರು. ನನಗೆ ಇಷ್ಟವಾಗಿದ್ದು ಮುಂದೆ ಚೂಪಾದ, ಹಿಮ್ಮಡಿ ಎತ್ತರದ ಒಂದು ಜೋಡಿ. ಅವರು ಅದನ್ನು ತೊಡಿಸಿ, ಬೆರಳಿನ ಪಕ್ಕ ಒತ್ತಿ ತೋರಿಸಿ, 'ಮಂಟಪದಲ್ಲಿ ಅರ್ಧ ಗಂಟೆಗೆ ಕಳಚಿ ಇಡುತ್ತೀರಿ' ಅಂದರು. ಕೊನೆಗೆ ಮುಂದೆ ಅಗಲವಿರುವ, ಬೆಲ್ಟ್ ಇರುವ, ಹಿಮ್ಮಡಿ ದಪ್ಪಗಿರುವ ಜೋಡಿ ಕೊಡಿಸಿದರು. ಅದರ ಬೆಲೆ ನಾನು ಕೈ ತೋರಿಸಿದ್ದಕ್ಕಿಂತ ಕಡಿಮೆ. ಕಮಿಷನ್ ಲೆಕ್ಕ ಹಾಕಿದರೆ ಅವರಿಗೆ ನಷ್ಟ. ಮದುವೆ ಮನೆಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಅದೇ ಕಾಲಲ್ಲಿ ಇತ್ತು. ಧಾರೆ ಹೊತ್ತಿಗೆ ಮಾತ್ರ ಕಳಚಿದೆ.

ಇದೇ ಕಂಪನಿಯ ಮಾಲ್‌ನ ಅಂಗಡಿಗೆ ಹೋದರೆ ವಾತಾವರಣ ಬೇರೆ. ಬೆಳಕು ಜಾಸ್ತಿ, ಹಾಡು ಜಾಸ್ತಿ, ಹುಡುಗರು ಚುರುಕು. ಕೇಳಿದ ಸೈಜು ಬೇಗ ತರುತ್ತಾರೆ. ಇಲ್ಲದಿದ್ದರೆ ಬೇರೆ ಅಂಗಡಿಯಿಂದ ಮನೆಗೆ ಕಳಿಸುವ ವ್ಯವಸ್ಥೆಯೂ ಇದೆ. ಆದರೆ ಅಲ್ಲಿ ನಾನೇ ಬಾಯಿಬಿಟ್ಟು ಕೇಳಬೇಕು: 'ಕಾಲು ಅಳೆದು ನೋಡಪ್ಪ' ಅಂತ. ಕೇಳಿದರೆ ಖಂಡಿತ ಅಳೆಯುತ್ತಾರೆ. ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಮಗಳ ಜೊತೆ ಹೋದಾಗ ನನಗೆ ಮತ್ತೆ ಕೊಲಾಬಾದ ಅನುಭವವೇ ಆಯಿತು. ಕನ್ನಡದಲ್ಲಿ ಮಾತಾಡಿಸಿದರು, ಅದೊಂದು ಹೆಚ್ಚಿನ ಖುಷಿ. ಬೀದಿ ಅಂಗಡಿಗೂ ಮಾಲ್ ಅಂಗಡಿಗೂ ಈ ವ್ಯತ್ಯಾಸ ಇರುವುದು ಸಹಜ. ಬೀದಿ ಅಂಗಡಿಗೆ ಚಪ್ಪಲಿ ಬೇಕು ಅಂತಲೇ ಬರುತ್ತಾರೆ. ಮಾಲ್‌ಗೆ ಸಿನಿಮಾ ನೋಡಲು ಬಂದವರು ಹಾಗೇ ಒಳಗೆ ಬರುತ್ತಾರೆ. ಎಲ್ಲರ ಕಾಲೂ ಹಿಡಿದು ಕೂರಲು ಆಗುವುದಿಲ್ಲ.

ಒಂದು ಸಲ ಆನ್‌ಲೈನ್‌ನಲ್ಲಿ, ಬೇರೆ ಯಾವುದೋ ಕಡೆಯಿಂದ, ಹಿಮ್ಮಡಿ ನೋವಿಗೆ ಅಂತ ಶೂ ತರಿಸಿದ್ದೆ. ಸೈಜಿನ ನಂಬರು ನನ್ನದೇ. ಕಾಲು ಒಳಗೆ ಹೋಯಿತು, ಅಗಲ ಸಾಲಲಿಲ್ಲ. ಕಿರುಬೆರಳು ಬಾತುಕೊಂಡಿತು. ಉದ್ದದ ನಂಬರ್ ಒಂದೇ ನೋಡಿ ಚಪ್ಪಲಿ ಕೊಳ್ಳುವುದರ ತೊಂದರೆ ಇದು. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯವರು 2021-22ರಲ್ಲಿ ದೇಶದ 79 ಜಾಗಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದರು. ನಮ್ಮವರ ಪಾದ ಯೂರೋಪಿನವರಿಗಿಂತ ಅಗಲ ಅಂತ ಅದರಲ್ಲಿ ಕಂಡುಬಂತು. ನಾವು ಇನ್ನೂ ಬಳಸುವುದು ಇಂಗ್ಲೆಂಡಿನ ಅಳತೆ. ನಮ್ಮದೇ ಪಾದಕ್ಕೆ ತಕ್ಕಂತೆ 'ಭಾ' ಅನ್ನುವ ಹೊಸ ಅಳತೆ ಪದ್ಧತಿಯನ್ನೂ ಅವರು ಸೂಚಿಸಿದ್ದಾರೆ. ನನ್ನ ಪಾದ ವಿಚಿತ್ರ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಅದು ಓದಿದ ಮೇಲೆ ನಿಜವಾಗಿ ಸಮಾಧಾನ ಆಯಿತು. ಡಬ್ಬಿಯ ಮೇಲಿನ ಅಳತೆ ಸರಿಹೋಗುವವರೆಗೆ ಅನುಭವ ಇರುವ ಕೈಯೊಂದು ನಮ್ಮ ಕಾಲು ಮುಟ್ಟಿ ನೋಡುವುದಕ್ಕೆ ಬೆಲೆ ಇದ್ದೇ ಇದೆ. ಆ ಬೆಲೆಯನ್ನು ನಾನು ಸಂತೋಷದಿಂದ ಕೊಡುತ್ತೇನೆ.

ಬೆಲೆ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಮೆಟ್ರೋ ಅಗ್ಗದ ಅಂಗಡಿ ಅಲ್ಲ. ಚರ್ಮದ ಒಳ್ಳೆ ಸ್ಯಾಂಡಲ್ ಬೇಕು ಅಂದರೆ ಎರಡು ಸಾವಿರದ ಮೇಲೆ ಹೋಗಲು ಸಿದ್ಧ ಇರಬೇಕು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. 2,500 ರೂಪಾಯಿವರೆಗಿನ ಜೋಡಿಗೆ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18. ಮೊದಲು ಸಾವಿರದವರೆಗೆ ಶೇ 12, ಅದರ ಮೇಲೆ ಶೇ 18 ಇತ್ತು. ಹಾಗಾಗಿ ಒಂದು ಸಾವಿರದಿಂದ ಎರಡೂವರೆ ಸಾವಿರದ ನಡುವಿನ ಚಪ್ಪಲಿಗೆ ತೆರಿಗೆ ಚೆನ್ನಾಗಿ ಇಳಿದಿದೆ. ನಮ್ಮಂಥ ಮಧ್ಯಮ ವರ್ಗದವರು ಕೊಳ್ಳುವುದು ಇದೇ ಬೆಲೆಯಲ್ಲಿ. 2,500ರ ಗೆರೆಯ ಆಚೆ ಈಚೆ ಎರಡು ಜೋಡಿ ಇಷ್ಟವಾದರೆ ಈ ಕಡೆಯದನ್ನು ನೋಡಿ ಅಂತ ನನ್ನ ಸಲಹೆ.

ಬೆಳವಣಿಗೆಯ ದುಡ್ಡಿನ ಕಥೆಯನ್ನು ನಮ್ಮ ಮನೆಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಷೇರು ಮಾರುಕಟ್ಟೆಯ ಹೆಸರಾಂತ ಹೂಡಿಕೆದಾರ ರಾಕೇಶ್ ಝುಂಝುನ್‌ವಾಲಾ 2007ರಲ್ಲೇ ಇದರಲ್ಲಿ ಹಣ ಹೂಡಿದ್ದರು. 2021ರ ಡಿಸೆಂಬರ್‌ನಲ್ಲಿ ಕಂಪನಿ ಜನರಿಗೆ ಕೊಳ್ಳಲು ಷೇರು ಬಿಟ್ಟಿತು, ಒಂದಕ್ಕೆ 500 ರೂಪಾಯಿ. ಷೇರುಪೇಟೆಯಲ್ಲಿ ವ್ಯಾಪಾರ ಶುರುವಾದ ದಿನ 436ಕ್ಕೆ ಶುರುವಾಗಿ ಜನ ನಿರಾಶರಾದರು. ಎರಡು ವರ್ಷ ತುಂಬುವುದರೊಳಗೆ ಅದೇ ಷೇರು ಸಾವಿರ ದಾಟಿತು. ಷೇರು ಬಿಟ್ಟಾಗ ಬಂದ ಹೊಸ ಹಣದ ಬಹುಪಾಲು 260 ಹೊಸ ಅಂಗಡಿ ತೆರೆಯಲು ಅಂತ ಹೇಳಿದ್ದರು. 2021ರ ಸೆಪ್ಟೆಂಬರ್‌ನಲ್ಲಿ 136 ಊರುಗಳಲ್ಲಿ 598 ಅಂಗಡಿ ಇತ್ತು. 2023ರ ಮಾರ್ಚ್‌ಗೆ 174 ಊರು, 739 ಅಂಗಡಿ. ಊರಿನ ಸಂಖ್ಯೆಯೂ ಜೊತೆಗೆ ಏರುತ್ತಿರುವುದು ನನಗೆ ಮುಖ್ಯ ಅನ್ನಿಸುತ್ತದೆ. ಒಳ್ಳೆ ಚಪ್ಪಲಿಗೆ ದೊಡ್ಡ ಪಟ್ಟಣಕ್ಕೆ ಬಸ್ಸು ಹತ್ತುವ ಕಷ್ಟ ಎಷ್ಟೋ ಊರಿನವರಿಗೆ ತಪ್ಪಿದೆ.

ಕೋಲ್ಕತ್ತಾದ ಚಪ್ಪಲಿ ಕಂಪನಿ ಖಾದಿಮ್ಸ್ ನೋಡಿದರೆ ಅಂಗಡಿಯನ್ನು ತಾವೇ ನಡೆಸುವುದರ ಬೆಲೆ ಇನ್ನೂ ಚೆನ್ನಾಗಿ ಅರ್ಥ ಆಗುತ್ತದೆ. ಅದೂ ಒಂದು ಊರಿನ, ಒಂದು ಪ್ರಾಂತ್ಯದ ಕಂಪನಿಯೇ. 1965ರಲ್ಲಿ ಸತ್ಯಪ್ರಸಾದ್ ರಾಯ್ ಬರ್ಮನ್ ಚಿತ್‌ಪುರದ ಸಣ್ಣ ಅಂಗಡಿಯಿಂದ ಶುರು ಮಾಡಿದರು. 1993ರಲ್ಲಿ ಚಿಲ್ಲರೆ ಮಾರಾಟಕ್ಕೆ ಇಳಿದ ಮೇಲೆ ಪೂರ್ವದಲ್ಲೂ ದಕ್ಷಿಣದಲ್ಲೂ ಬಹಳ ಬೇಗ ಹಬ್ಬಿತು. 2017ರಲ್ಲಿ ಷೇರು ಬಿಟ್ಟಾಗ ಎಂಟುನೂರಕ್ಕೂ ಹೆಚ್ಚು ಅಂಗಡಿ ಇತ್ತು, ಅಂದಿನ ಮೆಟ್ರೋಗಿಂತ ಜಾಸ್ತಿ. ಆದರೆ ಅದರಲ್ಲಿ ಬಹುಪಾಲು ಫ್ರಾಂಚೈಸಿ. ಬೆಲೆಯೂ ಕಡಿಮೆ. ಸಾಮಾನ್ಯ ಜನರ ಕಾಲಿಗೆ ಕೈಗೆಟಕುವ ಬೆಲೆಯಲ್ಲಿ ಚಪ್ಪಲಿ ಕೊಟ್ಟ ಕಂಪನಿ ಅಂತ ಅದರ ಮೇಲೆ ನನಗೆ ಗೌರವ ಇದೆ. ಆದರೆ 750 ರೂಪಾಯಿಗೆ ಕೊಟ್ಟ ಅದರ ಷೇರು ಮುಂದೆ ಅರ್ಧಕ್ಕಿಂತ ಕೆಳಗೆ ಬಿತ್ತು. ಅಂಗಡಿ ಎಷ್ಟು ಅನ್ನುವುದಕ್ಕಿಂತ ಯಾರು ನಡೆಸುತ್ತಾರೆ, ಏನು ಮಾರುತ್ತಾರೆ ಅನ್ನುವುದೇ ಮುಖ್ಯ ಅಂತ ನಮ್ಮ ಮನೆಯವರ ವಾದ. ಈ ಒಂದು ವಿಷಯದಲ್ಲಿ ನಾವಿಬ್ಬರೂ ಒಪ್ಪುತ್ತೇವೆ.

ಮೆಟ್ರೋ ಈಗ ಹೊರಗಿನ ಬ್ರಾಂಡುಗಳ ಕಡೆ ಹೆಚ್ಚು ವಾಲುತ್ತಿದೆ. 2015ರಿಂದ ಕ್ರಾಕ್ಸ್‌ಗೆ ಬೇರೆ ಅಂಗಡಿಗಳನ್ನು ನಡೆಸುತ್ತಿದೆ. 2022ರಲ್ಲಿ ಕ್ರಾವಟೆಕ್ಸ್ ಬ್ರಾಂಡ್ಸ್ ಅನ್ನುವ ಕಂಪನಿಯನ್ನು ಕೊಂಡು, ಆಟದ ಶೂಗಳ ಫಿಲಾ ಬ್ರಾಂಡನ್ನು ಕೈಗೆ ತೆಗೆದುಕೊಂಡಿತು. 2023ರಲ್ಲಿ ಸ್ನೀಕರ್ ಮಾರುವ ಅಮೆರಿಕದ ಫುಟ್ ಲಾಕರ್ ಜೊತೆ ಒಪ್ಪಂದ ಆಯಿತು. ಫಿಲಾದಲ್ಲಿ ಹಳೇ ಮಾಲು ಖಾಲಿ ಮಾಡುವುದಕ್ಕೇ ಬಹಳ ದಿನ ಹಿಡಿಯಿತು. ಸರ್ಕಾರದ ಗುಣಮಟ್ಟದ ಬಿಐಎಸ್ ಗುರುತು ಕಡ್ಡಾಯ ಆದ ಮೇಲೆ ಹೊರದೇಶದಿಂದ ಶೂ ತರಿಸುವುದೂ ಕಷ್ಟವಾಯಿತು. ಹುಡುಗರಿಗೆ ಸ್ನೀಕರ್ ಬೇಕು, ಕಂಪನಿ ಅದನ್ನು ಕೊಡಲೇಬೇಕು, ಒಪ್ಪುತ್ತೇನೆ. ಆದರೆ ಸ್ನೀಕರ್ ಕೊಳ್ಳುವ ಹುಡುಗ ಮೊಬೈಲಲ್ಲಿ ನೋಡಿ, ಬಣ್ಣದ ಹೆಸರು ಸಮೇತ ತೀರ್ಮಾನ ಮಾಡಿಕೊಂಡೇ ಬರುತ್ತಾನೆ. ಅವನಿಗೆ ಡಬ್ಬಿ ಕೊಟ್ಟರೆ ಮುಗಿಯಿತು. ಅಂಗಡಿಯಲ್ಲಿ ಅಂಥ ಮಾರಾಟವೇ ಹೆಚ್ಚಾದರೆ ಸ್ಟೂಲ್ ಎಳೆದು ಕೂರುವ ಕೆಲಸವನ್ನು ಯಾರು ಕಲಿಯುತ್ತಾರೆ? ಕೊಲಾಬಾದಲ್ಲಿ ನನ್ನ ಕಾಲು ನೋಡಿದವರಂಥವರು ನಿವೃತ್ತರಾಗುವ ಮೊದಲು ಮಾಲ್‌ನ ಹುಡುಗರನ್ನು ಅವರ ಪಕ್ಕ ಕೂರಿಸಿ ಕಲಿಸಬೇಕು. ಈ ಕಂಪನಿಯ ಮೇಲೆ ಪ್ರೀತಿ ಇರುವುದರಿಂದಲೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು ಆಸೆ ಇದೆ. ಅಂಗಡಿಯಲ್ಲಿ ಇಟಲಿಯ ಹಾಗೆ ಕೇಳುವ ಹೆಸರುಗಳು ಬಹಳ. ಚಪ್ಪಲಿ ಮಾಡಿದ ಊರಿನ ಹೆಸರು ಮಾತ್ರ ಎದ್ದು ಕಾಣುವಂತೆ ಇರುವುದಿಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ, ಅಂದರೆ ಇದು ಈ ಪ್ರದೇಶದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದ್ದು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗೆ, ಕರ್ನಾಟಕದ ನಾಲ್ಕು ಜಿಲ್ಲೆಗೆ, ಎರಡೂ ಕಡೆಗೆ ಸೇರಿ. ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಅದರಲ್ಲಿವೆ. ಅಥಣಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ ಕೂತು ಚರ್ಮ ಹದ ಮಾಡಿ, ಹೆಣೆದು, ಹೊಲಿದ ಚಪ್ಪಲಿ ಮುಂಬೈಗೆ ಬರುವ ಹೊತ್ತಿಗೆ ಊರಿನ ಹೆಸರು ಕಳೆದುಕೊಂಡಿರುತ್ತದೆ. 2025ರಲ್ಲಿ ದುಬಾರಿ ಫ್ಯಾಷನ್ ಕಂಪನಿ ಪ್ರಾಡಾ ಇಟಲಿಯ ಫ್ಯಾಷನ್ ಶೋದಲ್ಲಿ ಅಂಥದೇ ಚಪ್ಪಲಿ ತೋರಿಸಿ, ನಮ್ಮವರ ಹೆಸರು ಹೇಳದೆ, ದೊಡ್ಡ ಗಲಾಟೆ ಆಯಿತು. ಒಂಬೈನೂರು ಅಂಗಡಿ ಇರುವ ಮೆಟ್ರೋ ಒಂದು ಗೂಡಿನಲ್ಲಿ 'ಅಥಣಿ' ಅಂತ ದೊಡ್ಡ ಅಕ್ಷರದಲ್ಲಿ ಬರೆದು ಮಾರಿದರೆ ಅಲ್ಲಿನ ಕುಶಲಕರ್ಮಿಗಳಿಗೆ ಎಷ್ಟು ದೊಡ್ಡ ಆಸರೆ ಆಗಬಹುದು! ಕೊಳ್ಳಲು ಸಾಲಿನಲ್ಲಿ ಮೊದಲು ನಿಲ್ಲುವವಳು ನಾನೇ.

ಯಾರಿಗೆ ಏನು ತೆಗೆದುಕೊಳ್ಳಿ ಅಂತ ಹೇಳಲಿ? ಮದುವೆ, ಆಫೀಸು, ಹಬ್ಬಕ್ಕೆ ಬೇಕಾದ ಚರ್ಮದ ಸ್ಯಾಂಡಲ್, ಗಂಡಸರ ಕಪ್ಪು ಶೂ, ಮೋಜಡಿ, ಇವುಗಳಿಗೆ ಮೆಟ್ರೋಗೆ ಕಣ್ಣು ಮುಚ್ಚಿ ಹೋಗಬಹುದು. ಬೆಳೆಯುವ ಮಕ್ಕಳ ದಿನದ ಶೂಗೆ ಇಷ್ಟು ದುಡ್ಡು ಬೇಡ, ಆರು ತಿಂಗಳಿಗೆ ಚಿಕ್ಕದಾಗುತ್ತದೆ. ಮಳೆಗಾಲದ ಮುಂಬೈಗೆ ಯಾವ ಕಂಪನಿಯದ್ದೇ ಆಗಲಿ, ಚರ್ಮ ಬೇಡವೇ ಬೇಡ. ಸಾಯಂಕಾಲ ಹೋಗಿ, ಅಷ್ಟು ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ನಿಜವಾದ ಅಳತೆ ಸಿಗುತ್ತದೆ. ದೀಪಾವಳಿ ಹತ್ತಿರದ ಶನಿವಾರ, ಭಾನುವಾರ ಬಿಟ್ಟುಬಿಡಿ. ಆ ಗದ್ದಲದಲ್ಲಿ ಎಂಥ ಸೇಲ್ಸ್‌ಮನ್‌ಗೂ ನಿಮ್ಮ ಎದುರು ಕೂರಲು ಪುರಸೊತ್ತು ಇರುವುದಿಲ್ಲ. ಬಿಲ್ ಮಾಡಿಸುವ ಮೊದಲು ಎರಡೂ ಕಾಲಿಗೆ ಹಾಕಿಕೊಂಡು ಅಂಗಡಿಯ ಆ ತುದಿಯಿಂದ ಈ ತುದಿಗೆ ನಡೆದು ನೋಡಿ. ಕಮಿಷನ್ ಅವರಿಗೇ ಸೇರಲಿ, ಬಿಲ್ಲಿನಲ್ಲಿ ನಿಮಗೆ ಚಪ್ಪಲಿ ತೋರಿಸಿದವರ ಹೆಸರು ಬಂದಿದೆಯಾ ಅಂತ ಕೌಂಟರಿನಲ್ಲಿ ಕೇಳಿ, ಇಲ್ಲದಿದ್ದರೆ ನೀವೇ ಹೇಳಿ ಬರೆಸಿ.